ಒಂದು ಮಂಡಿ, ಒಂದು ಭುಜ: ಯಾಂಕೀಸ್–ರೆಡ್ ಸಾಕ್ಸ್ ಅಭಿಮಾನಿಗಳ ಗಾಯದ ಲೆಕ್ಕ

2025ರ ಸೆಪ್ಟೆಂಬರ್ 3, ಬುಧವಾರ. ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ಇಬ್ಬರು ಸಹೋದ್ಯೋಗಿಗಳು ಒಂದು ಟಿಶ್ಯೂ ಪೇಪರ್ ಹಿಡಿದು ಕೂತಿದ್ದರು. ನಡುವೆ ಪೆನ್ನಿನಿಂದ ಎಳೆದ ಗೆರೆ. ಎಡಕ್ಕೆ ಬಾಸ್ಟನ್ನಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್, ಬಲಕ್ಕೆ ನ್ಯೂಯಾರ್ಕಿನ ಯಾಂಕೀಸ್. ಎರಡೂ ಕಡೆ ಬರೀ ಹೆಸರುಗಳು, ಪಕ್ಕದಲ್ಲಿ ಮೈಯ ಭಾಗಗಳು. ಕಸಾಸ್, ಮಂಡಿ. ಹೌಕ್, ಮೊಣಕೈ. ಮೇಯರ್, ಮಣಿಕಟ್ಟು. ಇತ್ತ ಕೋಲ್, ಮೊಣಕೈ. ಷ್ಮಿಟ್, ಮೊಣಕೈ. ಹಿಂದಿನ ರಾತ್ರಿಯಷ್ಟೇ ಬಾಸ್ಟನ್ನಿನ ಹೊಸ ಹುಡುಗ ರೋಮನ್ ಆಂಥನಿಗೆ ಪಕ್ಕೆಯ ಸ್ನಾಯು ಉಳುಕಿತ್ತು. ಎಡಗಡೆಯ ಪಟ್ಟಿಗೆ ಅದೂ ಸೇರಿತು.

ನಾನಿರುವುದು ಕನೆಕ್ಟಿಕಟ್ ರಾಜ್ಯದಲ್ಲಿ. ಒಂದು ಬದಿಗೆ ನ್ಯೂಯಾರ್ಕ್, ಇನ್ನೊಂದು ಬದಿಗೆ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್. ಹಾಗಾಗಿ ಬೇಸ್‌ಬಾಲ್ ವಿಷಯಕ್ಕೆ ಬಂದರೆ ಇಲ್ಲಿ ಒಂದೇ ಬೀದಿಯಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ, ಎರಡು ಪಕ್ಷ. ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಇಬ್ಬರ ನಡುವೆ ಕೂತೆ.

"ನೋಡು, ನಮ್ಮ ಪಟ್ಟಿ ಎಷ್ಟು ಉದ್ದ ಇದೆ. ಇಷ್ಟೆಲ್ಲ ಆದರೂ ನಾವಿನ್ನೂ ಪ್ಲೇಆಫ್ ಜಾಗದಲ್ಲೇ ಇದ್ದೇವೆ" ಅಂದರು ಬಾಸ್ಟನ್ನಿನವರು.

"ಪಟ್ಟಿ ಉದ್ದ ಇದ್ದರೆ ಆಯ್ತಾ? ನಿಮ್ಮ ಆರು ಜನ ಸೇರಿದರೂ ನಮ್ಮ ಕೋಲ್ ಒಬ್ಬರಿಗೆ ಸಮ ಆಗಲ್ಲ" ಅಂದರು ನ್ಯೂಯಾರ್ಕಿನವರು.

ಈ ಮಾತು ಅಂದಿನದಲ್ಲ, ಅವರಿಬ್ಬರದ್ದು ಮಾತ್ರವೂ ಅಲ್ಲ. ಪ್ರತಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಲ್ಲಿನ ಬಾರು, ಕ್ಷೌರದಂಗಡಿ, ರೈಲು, ಎಲ್ಲ ಕಡೆ ಇದೇ ನಡೆಯುತ್ತದೆ. ನಮ್ಮವರಿಗೆ ಪೆಟ್ಟಾದರೆ ಅದು ದುರದೃಷ್ಟ. ಎದುರಿನವರಿಗೆ ಪೆಟ್ಟಾಗಿ ಅವರು ಸೋತರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ವರ್ಷ ಇದನ್ನು ಕೇಳಿ ಕೇಳಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಈ ಜಗಳದಲ್ಲಿ ಎಣಿಕೆ ತಪ್ಪು ಜಾಗದಲ್ಲಿ ನಡೆಯುತ್ತಿದೆ. ಎಷ್ಟು ಜನ ಬಿದ್ದರು ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಯಾವಾಗ ಬಿದ್ದರು, ಆ ಜಾಗಕ್ಕೆ ಯಾರು ಬಂದು ನಿಂತರು, ಇವೆರಡನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಅದಕ್ಕೆ 2025ರ ಈ ಎರಡು ತಂಡಗಳಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಮೊದಲು ಒಂದೆರಡು ಮಾತು. ಚೆಂಡು ಎಸೆಯುವವನು ಪಿಚರ್. ಬ್ಯಾಟರ್ ಅದನ್ನು ಹೊಡೆದು ಫಸ್ಟ್, ಸೆಕೆಂಡ್, ಥರ್ಡ್ ಅನ್ನುವ ಮೂರು ಬೇಸ್ ಮುಟ್ಟಿ ಮತ್ತೆ ಹೊರಟ ಜಾಗಕ್ಕೆ, ಅಂದರೆ ಹೋಮ್‌ಗೆ, ಬಂದರೆ ಒಂದು ರನ್. ಬೇಲಿಯಾಚೆ ಹೊಡೆದರೆ ಅದು ಹೋಮ್ ರನ್. ಮೇಜರ್ ಲೀಗ್‌ನಲ್ಲಿ 30 ತಂಡಗಳು, ಎರಡು ಲೀಗ್. ಪ್ರತಿ ತಂಡಕ್ಕೂ 162 ಪಂದ್ಯ. ಅಂದರೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚು ಕಡಿಮೆ ದಿನಾ ಆಟ. 2022ರಿಂದ ಪ್ಲೇಆಫ್‌ಗೆ, ಅಂದರೆ ಸೀಸನ್ ನಂತರ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸುತ್ತುಗಳಿಗೆ, ಹೋಗುವುದು 12 ತಂಡ, ಪ್ರತಿ ಲೀಗ್‌ನಿಂದ ಆರು. ಲೀಗ್‌ನ ಮೂರು ವಿಭಾಗ ಗೆದ್ದವರು ಮೂವರು, ಉಳಿದವರಲ್ಲಿ ಹೆಚ್ಚು ಗೆದ್ದ ಮೂವರು. ಈ ಕೊನೆಯ ಮೂವರಿಗೆ ವೈಲ್ಡ್ ಕಾರ್ಡ್ ಅನ್ನುತ್ತಾರೆ. ಮೇಲಿನ ಎರಡು ತಂಡಗಳಿಗೆ ಮೊದಲ ಸುತ್ತು ಆಡುವ ಹಂಗೇ ಇಲ್ಲ. ಉಳಿದ ನಾಲ್ಕು ತಂಡಗಳಿಗೆ ಮೂರು ಪಂದ್ಯಗಳ ಪುಟ್ಟ ಸರಣಿ. ಎರಡು ಗೆದ್ದರೆ ಮುಂದಕ್ಕೆ, ಇಲ್ಲದಿದ್ದರೆ ಮನೆಗೆ. ಆರು ತಿಂಗಳ ಬೆವರು ಮೂರು ದಿನದಲ್ಲಿ ಇತ್ಯರ್ಥ.

ಗಾಯಾಳುಗಳಿಗೂ ಒಂದು ಲೆಕ್ಕಪುಸ್ತಕ ಇದೆ. ಅದರ ಹೆಸರು ಇಂಜುರ್ಡ್ ಲಿಸ್ಟ್. ಬ್ಯಾಟರ್ ಆದರೆ ಕನಿಷ್ಠ 10 ದಿನ, ಪಿಚರ್ ಆದರೆ 15 ದಿನ ಅದರಲ್ಲಿ ಇರಬೇಕು. ದೊಡ್ಡ ಗಾಯವಾದರೆ 60 ದಿನದ ಪಟ್ಟಿ. ತಂಡದಲ್ಲಿ 26 ಜನಕ್ಕೆ ಜಾಗ. ಒಬ್ಬರು ಪಟ್ಟಿಗೆ ಹೋದ ದಿನವೇ ಕೆಳಗಿನ ಮೈನರ್ ಲೀಗ್‌ನಿಂದ ಇನ್ನೊಬ್ಬರನ್ನು ಕರೆಸಬಹುದು. ಈ ಕರೆಸುವ ಕೆಲಸದಲ್ಲೇ ಇಡೀ ಕಥೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೊಡ್ಡ ಹೆಸರುಗಳು. ಯಾಂಕೀಸ್ ತಂಡದ ಮುಖ್ಯ ಪಿಚರ್ ಗೆರಿಟ್ ಕೋಲ್‌ಗೆ ಸೀಸನ್ ಶುರುವಾಗುವ ಮೊದಲೇ, 2025ರ ಮಾರ್ಚ್‌ನಲ್ಲಿ, ಮೊಣಕೈ ಆಪರೇಷನ್ ಆಯಿತು. ಇಡೀ ವರ್ಷ ಹೋಯಿತು. ಹಿಂದಿನ ವರ್ಷ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸಬ ಅನಿಸಿಕೊಂಡ ಪಿಚರ್ ಲೂಯಿಸ್ ಹಿಲ್ ಬೆನ್ನಿನ ಪಕ್ಕದ ಸ್ನಾಯು ಹರಿದುಕೊಂಡು ಆಗಸ್ಟ್‌ವರೆಗೆ ಬರಲಿಲ್ಲ. ಜಿಯಾನ್‌ಕಾರ್ಲೊ ಸ್ಟಾಂಟನ್‌ಗೆ ಎರಡೂ ಮೊಣಕೈ ನೋವು, ಜೂನ್ ಮಧ್ಯದವರೆಗೆ ಆಟ ಇಲ್ಲ. ಜುಲೈನಲ್ಲಿ ಪಿಚರ್ ಕ್ಲಾರ್ಕ್ ಷ್ಮಿಟ್‌ಗೆ ಮೊಣಕೈ ಆಪರೇಷನ್. ಅದೇ ತಿಂಗಳ ಕೊನೆಗೆ ಆರನ್ ಜಡ್ಜ್‌ಗೆ ಮೊಣಕೈ ಬಳಿಯ ಸ್ನಾಯು ಉಳುಕಿ ಹತ್ತು ದಿನ ರಜೆ. ಆ ವರ್ಷ 53 ಹೋಮ್ ರನ್ ಹೊಡೆದು .331 ಸರಾಸರಿ (ಸಾವಿರ ಸರದಿಗೆ 331 ಯಶಸ್ವಿ ಹೊಡೆತ) ಇಟ್ಟುಕೊಂಡ ಮನುಷ್ಯ ಅವರು. ನ್ಯೂಯಾರ್ಕಿನಲ್ಲಿ ಆ ವಾರ ಜಗತ್ತೇ ಮುಳುಗಿದ ಹಾಗೆ ಮಾತಾಡಿಕೊಂಡರು.

ಮುಳುಗಿತಾ? ಸ್ವಲ್ಪ ಲೆಕ್ಕ ಹಾಕೋಣ. ಬೇಸ್‌ಬಾಲ್‌ನಲ್ಲಿ ವಾರ್ ಅಂತ ಒಂದು ಅಳತೆ ಇದೆ. ಒಬ್ಬ ಆಟಗಾರನ ಬದಲು ಮೈನರ್ ಲೀಗ್‌ನಿಂದ ಸುಲಭಕ್ಕೆ ಸಿಗುವ ಒಬ್ಬರನ್ನು ನಿಲ್ಲಿಸಿದರೆ ಇಡೀ ಸೀಸನ್‌ನಲ್ಲಿ ಎಷ್ಟು ಗೆಲುವು ಕಡಿಮೆಯಾಗುತ್ತದೆ ಅನ್ನುವ ಅಂದಾಜು ಅದು. ಜಡ್ಜ್ ಅಂಥವರಿಗೆ ಒಳ್ಳೆ ವರ್ಷದಲ್ಲಿ ಅದು ಸುಮಾರು 10. ಅಂದರೆ 162 ಪಂದ್ಯಕ್ಕೆ 10 ಗೆಲುವು, 16 ಪಂದ್ಯಕ್ಕೆ ಒಂದು. ಜಗತ್ತಿನ ಅತಿ ದೊಡ್ಡ ಬ್ಯಾಟರ್ ಹತ್ತು ದಿನ ಇಲ್ಲದಿದ್ದರೆ ತಂಡಕ್ಕೆ ಆಗುವ ನಷ್ಟ ಅರ್ಧ ಗೆಲುವಿಗಿಂತ ಸ್ವಲ್ಪ ಜಾಸ್ತಿ. ಅಷ್ಟೇ.

ಅದೇ ಹತ್ತು ದಿನಗಳಲ್ಲಿ ಯಾಂಕೀಸ್ ಮಯಾಮಿಗೆ ಹೋಗಿ ಮೂರಕ್ಕೆ ಮೂರೂ ಸೋತು ಬಂದದ್ದು ನಿಜ. ಆದರೆ ಅದರಲ್ಲಿ ಮೊದಲ ಪಂದ್ಯ ಸೋತದ್ದು 13–12ಕ್ಕೆ. ಹನ್ನೆರಡು ರನ್ ಹೊಡೆದು ಸೋತ ಪಂದ್ಯಕ್ಕೆ ಬ್ಯಾಟರ್ ಇಲ್ಲದಿದ್ದದ್ದು ಕಾರಣ ಅನ್ನುವುದು ಹೇಗೆ? ಅಂದು ಕೈಕೊಟ್ಟದ್ದು ಬುಲ್‌ಪೆನ್, ಅಂದರೆ ಕೊನೆಕೊನೆಗೆ ಬರುವ ಪಿಚರ್‌ಗಳು.

ಹಾಗಂತ ಅರ್ಧ ಗೆಲುವು ಸಣ್ಣದು ಅಂತಲೂ ಹೇಳಲಾರೆ. ಸೀಸನ್ ಮುಗಿದಾಗ ಯಾಂಕೀಸ್ ಮತ್ತು ಅದೇ ವಿಭಾಗದ ಟೊರಾಂಟೊ ಎರಡೂ 94 ಗೆಲುವು, 68 ಸೋಲು. ಸಮ ಆದಾಗ ಈಗ ಹೆಚ್ಚುವರಿ ಪಂದ್ಯ ಆಡಿಸುವುದಿಲ್ಲ. ಪರಸ್ಪರ ಆಡಿದಾಗ ಯಾರು ಜಾಸ್ತಿ ಗೆದ್ದಿದ್ದಾರೆ ನೋಡುತ್ತಾರೆ. ಟೊರಾಂಟೊ 8–5ರಲ್ಲಿ ಮುಂದಿತ್ತು. ವಿಭಾಗ ಅವರಿಗೆ, ಮೊದಲ ಸುತ್ತಿನ ರಜೆಯೂ ಅವರಿಗೆ. ಯಾಂಕೀಸ್‌ಗೆ ವೈಲ್ಡ್ ಕಾರ್ಡ್, ಎದುರಿಗೆ 89 ಗೆಲುವಿನ ರೆಡ್ ಸಾಕ್ಸ್. ಒಂದೇ ಒಂದು ಗೆಲುವು ಜಾಸ್ತಿ ಇದ್ದಿದ್ದರೆ ಈ ಸರಣಿಯೇ ಇರುತ್ತಿರಲಿಲ್ಲ.

ಈಗ ಬಾಸ್ಟನ್ ಕಡೆಗೆ ಬರುತ್ತೇನೆ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ಮೇ 2, ಬಾಸ್ಟನ್ನಿನ ಸ್ವಂತ ಮೈದಾನ ಫೆನ್ವೇ ಪಾರ್ಕ್. ಬಾಸ್ಟನ್ನಿನ ಫಸ್ಟ್ ಬೇಸ್ ಆಟಗಾರ ಟ್ರಿಸ್ಟನ್ ಕಸಾಸ್ ಚೆಂಡು ಹೊಡೆದು ಫಸ್ಟ್ ಬೇಸ್ ಕಡೆ ಓಡಿದರು. ಯಾರೂ ಡಿಕ್ಕಿ ಹೊಡೆಯಲಿಲ್ಲ. ಹಾಗೇ ಕುಸಿದರು. ಎಡ ಮಂಡಿಚಿಪ್ಪನ್ನು ಹಿಡಿದಿಡುವ ಟೆಂಡನ್ ಪೂರ್ತಿ ಹರಿದಿತ್ತು. ಸ್ಟ್ರೆಚರ್‌ನಲ್ಲಿ ಹೊತ್ತುಕೊಂಡು ಹೋದರು. ಆ ವರ್ಷಕ್ಕೆ ಅವರ ಆಟ ಮುಗಿಯಿತು.

ಈ ಒಂದು ಮಂಡಿಯಿಂದ ಏನೇನಾಯಿತು ನೋಡಿ. ಫಸ್ಟ್ ಬೇಸ್ ಖಾಲಿಯಾಯಿತು. ತಂಡದ ಆಡಳಿತ ರಫಾಯೆಲ್ ಡೆವರ್ಸ್‌ರನ್ನು ಕೇಳಿತು, ನೀವು ಅಲ್ಲಿ ಆಡ್ತೀರಾ ಅಂತ. ಡೆವರ್ಸ್ ಬಾಸ್ಟನ್ನಿನ ದೊಡ್ಡ ಬ್ಯಾಟರ್, 10 ವರ್ಷಕ್ಕೆ 31 ಕೋಟಿ 35 ಲಕ್ಷ ಡಾಲರ್ ಒಪ್ಪಂದ ಇದ್ದವರು. ಆದರೆ ಆಗಲೇ ಅವರ ಮನಸ್ಸು ಮುರಿದಿತ್ತು. ಥರ್ಡ್ ಬೇಸ್ ಅವರ ಜಾಗ. ಅಲ್ಲಿಗೆ ಅಲೆಕ್ಸ್ ಬ್ರೆಗ್ಮನ್‌ರನ್ನು ತಂದು, ನೀವು ಬರೀ ಬ್ಯಾಟ್ ಮಾಡಿ ಸಾಕು ಅಂದಿದ್ದರು. ಈಗ ಫಸ್ಟ್ ಬೇಸ್‌ಗೆ ಹೋಗಿ ಅಂದರೆ? ಅವರು ಒಪ್ಪಲಿಲ್ಲ, ಪತ್ರಿಕೆಯವರ ಮುಂದೆಯೇ ಹೇಳಿದರು. ಮಾಲೀಕ ಜಾನ್ ಹೆನ್ರಿ ಸ್ವತಃ ಕನ್ಸಾಸ್ ಸಿಟಿಗೆ ವಿಮಾನ ಹತ್ತಿ ಹೋಗಿ ಮಾತಾಡಿದರು. ಆದರೂ ಸರಿಹೋಗಲಿಲ್ಲ. ಅದೇ ಮೇ ಕೊನೆಗೆ ಬ್ರೆಗ್ಮನ್‌ಗೂ ತೊಡೆಯ ಸ್ನಾಯು ಹರಿದು ಜುಲೈವರೆಗೆ ಹೊರಗೆ ಕೂತರು. ಜೂನ್ 15, ಭಾನುವಾರ, ಬಾಸ್ಟನ್ 2–0ಗೆ ಗೆದ್ದು ಯಾಂಕೀಸ್ ವಿರುದ್ಧದ ಸರಣಿಯ ಮೂರೂ ಪಂದ್ಯ ಗುಡಿಸಿ ಹಾಕಿತು. ಅಂದು ಡೆವರ್ಸ್ ಹೋಮ್ ರನ್ ಕೂಡ ಹೊಡೆದರು. ಕೆಲವೇ ಗಂಟೆಗಳಲ್ಲಿ ಸುದ್ದಿ ಬಂತು. ಡೆವರ್ಸ್‌ರನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಕೊಟ್ಟುಬಿಟ್ಟಿದ್ದರು.

ನಮ್ಮ ಸಹೋದ್ಯೋಗಿಯ ಟಿಶ್ಯೂ ಪೇಪರ್‌ನಲ್ಲಿ ಇದೆಲ್ಲ ಸೇರಿ "ಕಸಾಸ್, ಮಂಡಿ" ಅಂತ ಒಂದೇ ಸಾಲು. ಒಬ್ಬರ ಗಾಯ ಇನ್ನೊಬ್ಬ ಆಟಗಾರನನ್ನೇ ಊರು ಬಿಡಿಸಿತು ಅನ್ನುವುದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಬಾಸ್ಟನ್ ಕುಸಿಯಲಿಲ್ಲ. ಜೂನ್‌ನಲ್ಲಿ ವಿಲ್ಯರ್ ಅಬ್ರೆಯುಗೆ ಪಕ್ಕೆ ಉಳುಕಿದಾಗ ಆ ಜಾಗಕ್ಕೆ ಕರೆಸಿದ್ದೇ 21 ವರ್ಷದ ರೋಮನ್ ಆಂಥನಿಯನ್ನು. ಹುಡುಗ 71 ಪಂದ್ಯದಲ್ಲಿ .292 ಸರಾಸರಿಯಲ್ಲಿ ಆಡಿದ. ಆಗಸ್ಟ್‌ನಲ್ಲಿ ಅವನಿಗೆ 8 ವರ್ಷಕ್ಕೆ 13 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಜುಲೈನಲ್ಲಿ ತಂಡ ಸತತ ಹತ್ತು ಪಂದ್ಯ ಗೆದ್ದಿತು. 2021ರ ನಂತರ ಮೊದಲ ಸಲ ಪ್ಲೇಆಫ್‌ಗೆ ಬಂತು. ಆ ವರ್ಷ ಯಾಂಕೀಸ್ ವಿರುದ್ಧ 13 ಪಂದ್ಯದಲ್ಲಿ 9 ಗೆದ್ದದ್ದೂ ಬಾಸ್ಟನ್ನೇ. ಒಂದು ಗಾಯದಿಂದ ಬಂದ ಆಂಥನಿಯನ್ನು ಸೆಪ್ಟೆಂಬರ್ 2ರಂದು ಅದೇ ಥರದ ಗಾಯ ತೆಗೆದುಕೊಂಡು ಹೋಯಿತು.

ಇನ್ನು ಭುಜದ ಕಥೆ. ಕಸಾಸ್ ಬಿದ್ದ ಮರುದಿನ, ಮೇ 3. ನ್ಯೂಯಾರ್ಕಿನಲ್ಲಿ ಯಾಂಕೀಸ್ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆಂಟನಿ ವೋಲ್ಪಿ ಚೆಂಡು ಹಿಡಿಯಲು ನೆಲಕ್ಕೆ ಹಾರಿದರು. ಎಡ ಭುಜದಲ್ಲಿ ಏನೋ ಪಟ್ ಅಂದ ಹಾಗಾಯಿತು. ಒಂದೆರಡು ದಿನದಲ್ಲಿ ಮತ್ತೆ ಮೈದಾನಕ್ಕೆ ಇಳಿದರು. ಇಂಜುರ್ಡ್ ಲಿಸ್ಟ್‌ಗೆ ಹೋಗಲಿಲ್ಲ. ಆಮೇಲೆ ಅವರ ಬ್ಯಾಟಿಂಗ್ ಇಳಿಯುತ್ತಾ ಹೋಯಿತು. ಸುಲಭದ ಚೆಂಡು ಕೈತಪ್ಪತೊಡಗಿತು. ವರ್ಷದ ಕೊನೆಗೆ .212 ಸರಾಸರಿ, 19 ಎರರ್, ಅಂದರೆ ಫೀಲ್ಡಿಂಗ್ ತಪ್ಪು. ಸ್ವಂತ ಊರಿನ ಜನರೇ ಕೂಗಿ ಹಂಗಿಸಿದರು. ಸೆಪ್ಟೆಂಬರ್‌ನಲ್ಲಿ ಗೊತ್ತಾಯಿತು, ಭುಜದ ಕೀಲಿನ ಅಂಚು, ಲೇಬ್ರಮ್ ಅನ್ನುತ್ತಾರಲ್ಲ, ಅದು ಸ್ವಲ್ಪ ಹರಿದಿತ್ತು. ನೋವಿಗೆ ಇಂಜೆಕ್ಷನ್ ತೆಗೆದುಕೊಂಡು ಆಡುತ್ತಿದ್ದರು. ಸೀಸನ್ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಆಪರೇಷನ್ ಆಯಿತು.

ಸೆಪ್ಟೆಂಬರ್ 3ರ ಆ ಟಿಶ್ಯೂ ಪೇಪರ್‌ನಲ್ಲಿ ವೋಲ್ಪಿ ಹೆಸರು ಇರಲಿಲ್ಲ. ಇಂಜುರ್ಡ್ ಲಿಸ್ಟ್‌ನಲ್ಲಿ ಇಲ್ಲದವರು ನೆಟ್ಟಗಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. 162 ಪಂದ್ಯ ಆಡುವ ಈ ಆಟದಲ್ಲಿ ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ನೆಟ್ಟಗಿರುವವರು ಬಹಳ ಕಡಿಮೆ. ಜಡ್ಜ್ ಕೂಡ ಆಗಸ್ಟ್ ಮೊದಲ ವಾರ ವಾಪಸ್ ಬಂದರೂ ತಿಂಗಳಿಡೀ ಬರೀ ಬ್ಯಾಟ್ ಮಾಡಿದರು. ಸೆಪ್ಟೆಂಬರ್‌ನಲ್ಲಿ ಫೀಲ್ಡಿಂಗ್‌ಗೆ ಇಳಿದಾಗ ಅವರ ಎಸೆತಗಳು ಮೊದಲಿನ ಹಾಗೆ ಇಲ್ಲ ಅನ್ನುವುದು ಟಿವಿಯಲ್ಲಿ ನೋಡಿದವರಿಗೂ ಕಾಣುತ್ತಿತ್ತು. ಪಟ್ಟಿಯ ಹೊರಗಿನ ಗಾಯಗಳನ್ನು ಯಾರೂ ಎಣಿಸುವುದಿಲ್ಲ. ಹಾಗೆ ಆಡಿದವರನ್ನು ಕೂಗಿ ಹಂಗಿಸುವುದು ನನಗಂತೂ ತುಂಬಾ ಬೇಜಾರಿನ ಸಂಗತಿ.

ಸರಿ, ಸೆಪ್ಟೆಂಬರ್ 30ರಿಂದ ಮೂರು ದಿನದ ಸರಣಿ, ಎಲ್ಲ ಪಂದ್ಯವೂ ಯಾಂಕೀ ಸ್ಟೇಡಿಯಂನಲ್ಲಿ. ಅಭಿಮಾನಿಗಳು ಚಾನ್ಸ್ ಎಷ್ಟು, ಚಾನ್ಸ್ ಎಷ್ಟು ಅಂತ ಕೇಳುತ್ತಲೇ ಇದ್ದರು. ಮೂರು ಪಂದ್ಯದ ಸರಣಿಯ ಗಣಿತ ತುಂಬಾ ಸಪ್ಪೆ. ಒಂದು ತಂಡಕ್ಕೆ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 55 ಅಂತ ಇಟ್ಟುಕೊಳ್ಳಿ. ಬೇಸ್‌ಬಾಲ್‌ನಲ್ಲಿ ಅದು ಒಳ್ಳೆ ಮೇಲುಗೈ. ಆಗ ಸರಣಿ ಗೆಲ್ಲುವ ಸಾಧ್ಯತೆ ನೂರಕ್ಕೆ 57ರಿಂದ 58. ಒಬ್ಬ ಒಳ್ಳೆ ಬ್ಯಾಟರ್ ಇಲ್ಲದೆ ಆ 55 ಅನ್ನುವುದು 52 ಆಯಿತು ಅನ್ನಿ. ಸರಣಿಯ ಸಾಧ್ಯತೆ 53ಕ್ಕೆ ಇಳಿಯುತ್ತದೆ. ಇಳಿದದ್ದು ನಾಲ್ಕೈದು ಅಂಕ. ಆಂಥನಿ ಇದ್ದಿದ್ದರೆ ಖಂಡಿತ ಗೆಲ್ಲುತ್ತಿದ್ದೆವು ಅನ್ನುವವರಿಗೆ ಈ ಲೆಕ್ಕ ಸಮಾಧಾನ ಕೊಡುವುದಿಲ್ಲ. ಮೂರು ಪಂದ್ಯದಲ್ಲಿ ಬಾಸ್ಟನ್ ಒಟ್ಟು ಹೊಡೆದದ್ದೇ ಆರು ರನ್, ಹಾಗಾಗಿ ಅವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ.

ಆದರೆ ಪಿಚರ್ ವಿಷಯ ಬೇರೆ. ಬ್ಯಾಟರ್ ಒಂಬತ್ತು ಜನರಲ್ಲಿ ಒಬ್ಬ. ಪಂದ್ಯ ಶುರು ಮಾಡುವ ಪಿಚರ್ ಆ ದಿನದ ಅರ್ಧ ಪಂದ್ಯವನ್ನೇ ಕೈಯಲ್ಲಿ ಹಿಡಿದಿರುತ್ತಾನೆ. ಏಕದಿನ ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್‌ಗೆ ಇಷ್ಟೇ ಓವರ್ ಅಂತ ಮಿತಿ ಇರುತ್ತದಲ್ಲ, ಇಲ್ಲಿ ಅಂಥ ಮಿತಿ ಇಲ್ಲ. ತೋಳಿನಲ್ಲಿ ಶಕ್ತಿ ಇರುವವರೆಗೆ ಅವನೇ ಎಸೆಯಬಹುದು. ಮೊದಲ ಪಂದ್ಯದಲ್ಲಿ ಅದು ಕಂಡಿತು. ಬಾಸ್ಟನ್ನಿನ ಗ್ಯಾರೆಟ್ ಕ್ರೋಷೆ 117 ಎಸೆತ ಎಸೆದು 11 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಮೂರು ಸ್ಟ್ರೈಕ್ ಹಾಕಿ ಔಟ್ ಮಾಡಿದರು, ಬಾಸ್ಟನ್ 3–1ಕ್ಕೆ ಗೆದ್ದಿತು. ಯಾಂಕೀಸ್‌ನ ಆ ಒಂದು ರನ್ ಯಾರದ್ದು ಗೊತ್ತಾ? ಹರಿದ ಭುಜದ ವೋಲ್ಪಿಯದ್ದು. ಹೋಮ್ ರನ್. ಎರಡನೇ ಪಂದ್ಯ ಯಾಂಕೀಸ್ 4–3ಕ್ಕೆ ಗೆದ್ದರು. ಫಸ್ಟ್ ಬೇಸ್‌ನಲ್ಲಿದ್ದ ಜಾಜ್ ಚಿಸಮ್ ವೆಲ್ಸ್ ಹೊಡೆದ ಒಂದು ಸಿಂಗಲ್‌ಗೆ (ಬ್ಯಾಟರ್ ಫಸ್ಟ್ ಬೇಸ್ ಮುಟ್ಟುವಷ್ಟು ಹೊಡೆತ) ಅಲ್ಲಿಂದ ಹೋಮ್‌ವರೆಗೂ ಓಡಿ ಬಂದು ಗೆಲುವಿನ ರನ್ ತಂದರು.

ಮೂರನೇ ಪಂದ್ಯ, ಅಕ್ಟೋಬರ್ 2. ಬಾಸ್ಟನ್ ಪರ ಎಸೆಯಬೇಕಾದವರು ಅನುಭವಿ ಲೂಕಸ್ ಜಿಯೊಲಿಟೊ. ಸರಣಿಗೆ ಮುಂಚೆಯೇ ಅವರ ಮೊಣಕೈ ಕೈಕೊಟ್ಟಿತ್ತು. ಹೌಕ್‌ಗೆ ಆಗಸ್ಟ್‌ನಲ್ಲೇ ಆಪರೇಷನ್ ಆಗಿತ್ತು. ಹಂಟರ್ ಡಾಬಿನ್ಸ್‌ಗೆ ಜುಲೈನಲ್ಲಿ ಮಂಡಿಯ ಲಿಗಮೆಂಟ್ ಹರಿದಿತ್ತು. ಕಟರ್ ಕ್ರಾಫರ್ಡ್ ಇಡೀ ವರ್ಷ ಆಡಿರಲಿಲ್ಲ. ಹೀಗೆ ಒಬ್ಬೊಬ್ಬರೇ ಉದುರಿ ಚೆಂಡು ಬಂದು ನಿಂತದ್ದು ಕಾನ್ಲಿ ಅರ್ಲಿ ಅನ್ನುವ 23 ವರ್ಷದ ಹುಡುಗನ ಕೈಗೆ. ಸೆಪ್ಟೆಂಬರ್‌ನಲ್ಲಿ ಮೇಲೆ ಬಂದವನು. ಅಲ್ಲಿಯವರೆಗೆ ಮೇಜರ್ ಲೀಗ್‌ನಲ್ಲಿ ಎಸೆದದ್ದು ನಾಲ್ಕೇ ಪಂದ್ಯ.

ಎದುರಿಗೆ ಯಾಂಕೀಸ್ ನಿಲ್ಲಿಸಿದ್ದೂ ಹೊಸಬನನ್ನೇ. ಕ್ಯಾಮ್ ಷ್ಲಿಟ್ಲರ್, 24 ವರ್ಷ. ಆದರೆ ಅವನು ಮೇಲೆ ಬಂದದ್ದು ಜುಲೈ 9ಕ್ಕೆ. ಯಾರ ಜಾಗಕ್ಕೆ? ಮೊಣಕೈ ಕೆಟ್ಟ ಷ್ಮಿಟ್ ಜಾಗಕ್ಕೆ. ಅಕ್ಟೋಬರ್ ಹೊತ್ತಿಗೆ ಅವನು 14 ಪಂದ್ಯ ಶುರು ಮಾಡಿ ಪಳಗಿದ್ದ. ಆ ರಾತ್ರಿ ಒಂಬತ್ತು ಇನ್ನಿಂಗ್ಸ್‌ನ ಪಂದ್ಯದಲ್ಲಿ 8 ಇನ್ನಿಂಗ್ಸ್ ಎಸೆದ, 12 ಸ್ಟ್ರೈಕ್‌ಔಟ್, ಒಂದೂ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಫಸ್ಟ್ ಬೇಸ್) ಇಲ್ಲ, ಒಂದೂ ರನ್ ಇಲ್ಲ. ಬಾಸ್ಟನ್ನಿನವರಿಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗಲು ಇನ್ನೊಂದು ಕಾರಣವೂ ಇತ್ತು. ಹುಡುಗ ಬಾಸ್ಟನ್ ಪಕ್ಕದ ವಾಲ್ಪೋಲ್ ಊರಿನವನು, ಓದಿದ್ದು ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯಲ್ಲಿ, ಚಿಕ್ಕಂದಿನಲ್ಲಿ ರೆಡ್ ಸಾಕ್ಸ್ ಅಭಿಮಾನಿ.

ಇಲ್ಲಿ ಒಂದು ನಿಮಿಷ ಯೋಚಿಸಿ. ಮಾರ್ಚ್‌ನಲ್ಲಿ ಕೋಲ್‌ಗೆ, ಜುಲೈನಲ್ಲಿ ಷ್ಮಿಟ್‌ಗೆ ಗಾಯ ಆಗದಿದ್ದರೆ ಷ್ಲಿಟ್ಲರ್ ಅಂದು ಪಿಚರ್ ನಿಲ್ಲುವ ಆ ದಿಬ್ಬದ ಮೇಲೆ ನಿಲ್ಲುತ್ತಿದ್ದನಾ? ಅನುಮಾನ. ಎರಡೂ ತಂಡಕ್ಕೆ ಮೊಣಕೈಗಳೇ ಕೈಕೊಟ್ಟವು. ಒಂದು ತಂಡಕ್ಕೆ ಜುಲೈನಲ್ಲಿ, ಇನ್ನೊಂದಕ್ಕೆ ಸೆಪ್ಟೆಂಬರ್ ಕೊನೆಯಲ್ಲಿ. ನ್ಯೂಯಾರ್ಕಿಗೆ ಹೊಸಬನನ್ನು ಪಳಗಿಸಲು ಮೂರು ತಿಂಗಳು ಸಿಕ್ಕಿತು. ಬಾಸ್ಟನ್ನಿಗೆ ಮೂರು ವಾರ. ನನ್ನ ಪ್ರಕಾರ ಆ ಸರಣಿಯಲ್ಲಿ ಗಾಯಗಳು ಮಾಡಿದ ನಿಜವಾದ ವ್ಯತ್ಯಾಸ ಇದು. ಯಾಂಕೀಸ್ ಅಷ್ಟು ದಿನ ತಾಳಿಕೊಂಡದ್ದಕ್ಕೂ ಕಾರಣ ಇದೆ. ಮ್ಯಾಕ್ಸ್ ಫ್ರೀಡ್ 19 ಗೆಲುವು, ಕಾರ್ಲೋಸ್ ರೊಡಾನ್ 18 ಗೆಲುವು ತಂದರು. ವಿಲ್ ವಾರೆನ್ ಸದ್ದಿಲ್ಲದೆ 33 ಪಂದ್ಯ ಶುರು ಮಾಡಿದರು. ಅಭಿಮಾನಿಗಳ ಜಗಳದಲ್ಲಿ ವಾರೆನ್ ಹೆಸರು ನಾನು ಒಂದು ದಿನವೂ ಕೇಳಲಿಲ್ಲ.

ಅರ್ಲಿ ಮೂರು ಇನ್ನಿಂಗ್ಸ್ ಚೆನ್ನಾಗೇ ಎಸೆದ. ನಾಲ್ಕನೆಯದರಲ್ಲಿ ಕಟ್ಟೆ ಒಡೆಯಿತು. ರನ್ ಬಂತು. ವೋಲ್ಪಿ ಮತ್ತೆ ಒಂದು ಸಿಂಗಲ್ ಹೊಡೆದು ಇನ್ನೊಂದು ರನ್ ತಂದರು. ಆಮೇಲೆ ಆಸ್ಟಿನ್ ವೆಲ್ಸ್ ಹೊಡೆದ ಚೆಂಡು ನೆಲ ಉಜ್ಜಿಕೊಂಡು ಫಸ್ಟ್ ಬೇಸ್ ಕಡೆ ಹೋಯಿತು. ಅಲ್ಲಿ ನಿಂತಿದ್ದವರು ನಥಾನಿಯಲ್ ಲೋ. ಚೆಂಡು ಅವರ ಹಿಡಿತಕ್ಕೆ ಸಿಗಲಿಲ್ಲ. ಎರರ್. ಇನ್ನೆರಡು ರನ್. 4–0. ಅಲ್ಲಿಗೆ ಪಂದ್ಯ ಮುಗಿದ ಹಾಗೇ.

ಲೋ ಬಾಸ್ಟನ್ನಿಗೆ ಬಂದದ್ದು ಆಗಸ್ಟ್‌ನಲ್ಲಿ, ವಾಷಿಂಗ್ಟನ್ ತಂಡ ಕೈಬಿಟ್ಟ ಮೇಲೆ. ಮೇ 2ರಂದು ಕಸಾಸ್ ಬಿದ್ದಾಗ ಖಾಲಿಯಾದ ಜಾಗಕ್ಕೆ ಒಬ್ಬರಾದ ಮೇಲೆ ಒಬ್ಬರನ್ನು ನಿಲ್ಲಿಸಿ, ಕೊನೆಗೆ ಸಿಕ್ಕಿದವರು ಅವರು. ಐದು ತಿಂಗಳಿಗೆ ಸರಿಯಾಗಿ, ಅದೇ ಜಾಗಕ್ಕೆ ಆ ಚೆಂಡು ಹೋಯಿತು. ಕಸಾಸ್ ಇದ್ದಿದ್ದರೆ ಹಿಡಿಯುತ್ತಿದ್ದರು ಅಂತ ಹೇಳಲು ನನಗೆ ಧೈರ್ಯವಿಲ್ಲ. ಲೋ 2023ರಲ್ಲಿ ಅದೇ ಜಾಗದ ಫೀಲ್ಡಿಂಗ್‌ಗೆ ಗೋಲ್ಡ್ ಗ್ಲೋವ್ ಪ್ರಶಸ್ತಿ ಪಡೆದವರು. ಅಂಥವರ ಕೈಯಿಂದಲೂ ಚೆಂಡು ಜಾರುತ್ತದೆ. ಇದು ಗೊತ್ತಿದ್ದೂ, ಆ ಇನ್ನಿಂಗ್ಸ್‌ನಲ್ಲಿ ಮೇ 2ರ ಮಂಡಿ ಮತ್ತು ಮೇ 3ರ ಭುಜ ಒಂದೇ ಕಡೆ ಬಂದು ಸೇರಿದ್ದನ್ನು ನೋಡಿ ನಾನು ಟಿವಿ ಮುಂದೆ ಎದ್ದು ನಿಂತಿದ್ದೆ.

ಅಕ್ಟೋಬರ್ 2 ಅಂದರೆ ಈ ಎರಡು ಊರುಗಳಿಗೆ ಇನ್ನೊಂದು ನೆನಪೂ ಇದೆ. 1978ರಲ್ಲಿ ಅದೇ ದಿನ ಇಬ್ಬರೂ ಸಮ ಆಗಿ ಒಂದು ಹೆಚ್ಚುವರಿ ಪಂದ್ಯ ಆಡಿದರು. ಜುಲೈನಲ್ಲಿ ಬಾಸ್ಟನ್ 14 ಪಂದ್ಯದಷ್ಟು ಮುಂದಿತ್ತು. ಆಮೇಲೆ ಕುಸಿಯಿತು. ಬಾಸ್ಟನ್ನಿನ ಹಳಬರು ಈಗಲೂ ಬುಚ್ ಹಾಬ್ಸನ್ ಮೊಣಕೈ ಬಗ್ಗೆ ಹೇಳುತ್ತಾರೆ. ಮೊಣಕೈಯೊಳಗೆ ಸಡಿಲವಾದ ಮೂಳೆ ಚೂರುಗಳನ್ನು ಇಟ್ಟುಕೊಂಡೇ ಥರ್ಡ್ ಬೇಸ್‌ನಲ್ಲಿ ಆಡಿ ಆ ವರ್ಷ 43 ಎರರ್ ಮಾಡಿದರು. ಆದರೆ ಯಾಂಕೀಸ್‌ಗೂ ಅಂದು ಸೆಕೆಂಡ್ ಬೇಸ್‌ನ ವಿಲ್ಲಿ ರಾಂಡಾಲ್ಫ್ ಇರಲಿಲ್ಲ, ತೊಡೆ ಗಾಯ. ಅವರ ಬದಲಿಗೆ ಆಡಿದವರನ್ನು ಏಳನೇ ಇನ್ನಿಂಗ್ಸ್‌ನಲ್ಲಿ ತೆಗೆದು ಇನ್ನೊಬ್ಬ ಬ್ಯಾಟರ್‌ನನ್ನು ಕಳಿಸಿದರು. ಹಾಗಾಗಿ ಯಾಂಕೀಸ್ ಶಾರ್ಟ್‌ಸ್ಟಾಪ್ ಬಕಿ ಡೆಂಟ್ ಸರದಿ ಬಂದಾಗ ಅವರನ್ನು ತೆಗೆದು ಬೇರೆಯವರನ್ನು ಕಳಿಸಿದರೆ ಫೀಲ್ಡ್ ಮಾಡಲು ಜನ ಸಾಲುತ್ತಿರಲಿಲ್ಲ. ಡೆಂಟ್ ಅವರೇ ಆಡಬೇಕಾಯಿತು. ಇಡೀ ವರ್ಷ ನಾಲ್ಕೇ ಹೋಮ್ ರನ್ ಹೊಡೆದಿದ್ದವರು. ಚೆಂಡು ಕಾಲಿಗೆ ಬಡಿದು ಕುಂಟುತ್ತಾ ಎದ್ದು ನಿಂತು ಐದನೆಯದನ್ನು ಫೆನ್ವೇ ಗೋಡೆಯ ಮೇಲಿಂದ ಹಾರಿಸಿದರು. ಯಾಂಕೀಸ್ 5–4ಕ್ಕೆ ಗೆದ್ದರು. ಬಾಸ್ಟನ್ನಿನಲ್ಲಿ ಡೆಂಟ್ ಹೆಸರಿನ ನಡುವೆ ಇವತ್ತಿಗೂ ಒಂದು ಬೈಗುಳ ಸೇರಿಸುತ್ತಾರೆ. ಆ ಹೊಡೆತಕ್ಕೆ ದಾರಿ ಮಾಡಿದ್ದು ಯಾಂಕೀಸ್‌ನದೇ ಒಂದು ಗಾಯ.

ಪೆಟ್ಟುಗಳಲ್ಲಿ ಇಷ್ಟೊಂದು ಮೊಣಕೈ ಯಾಕೆ ಅನ್ನುವುದನ್ನೂ ಹೇಳಿಬಿಡಬೇಕು. ಮೊಣಕೈ ಒಳಬದಿಯಲ್ಲಿ ಒಂದು ಲಿಗಮೆಂಟ್ ಇದೆ. ಜೋರಾಗಿ ಎಸೆದಷ್ಟೂ ಅದರ ಮೇಲೆ ಎಳೆತ. ಹರಿದರೆ ದೇಹದ ಬೇರೆ ಕಡೆಯಿಂದ ಟೆಂಡನ್ ತಂದು ಕಟ್ಟುತ್ತಾರೆ. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಡಾಡ್ಜರ್ಸ್ ಪಿಚರ್ ಟಾಮಿ ಜಾನ್‌ಗೆ, ಆಪರೇಷನ್‌ಗೂ ಅದೇ ಹೆಸರು ಉಳಿಯಿತು. ಚೇತರಿಸಿಕೊಳ್ಳಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ತಾನೇ ಒಂದು ವರದಿ ಕೊಟ್ಟಿತು. 2008ರಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ ಗಂಟೆಗೆ 91.3 ಮೈಲಿ ಇತ್ತು, 2024ಕ್ಕೆ 94.2 ಆಯಿತು. 2005ರಲ್ಲಿ ಪಿಚರ್‌ಗಳು ಗಾಯದ ಪಟ್ಟಿ ಸೇರಿದ್ದು 212 ಸಲ, 2024ರಲ್ಲಿ 485 ಸಲ. ಪ್ರತಿ ಎಸೆತವನ್ನೂ ಮೈಯೆಲ್ಲ ಶಕ್ತಿ ಹಾಕಿ ಎಸೆಯುವುದು ದೊಡ್ಡ ಕಾರಣ ಅಂತ ಅದರಲ್ಲೇ ಇದೆ. ಅಂದಮೇಲೆ ನಮಗೆ ಮಾತ್ರ ದುರದೃಷ್ಟ ಅನ್ನುವ ಮಾತಿಗೆ ಏನು ಅರ್ಥ? ವರ್ಷಕ್ಕೆ ಇಬ್ಬರು ಮೂವರು ಪಿಚರ್‌ಗಳು ಬೀಳುತ್ತಾರೆ ಅಂತ ತಂಡ ಕಟ್ಟುವಾಗಲೇ ಗೊತ್ತಿರಬೇಕು, ಮಳೆಗಾಲಕ್ಕೆ ಕೊಡೆ ತೆಗೆದಿಟ್ಟ ಹಾಗೆ.

ಬಾಸ್ಟನ್ ಸೋತ ಮರುದಿನ ನಮ್ಮ ನ್ಯೂಯಾರ್ಕಿನ ಸಹೋದ್ಯೋಗಿ ಡೋನಟ್ ಡಬ್ಬಿ ತಂದು ಎಲ್ಲರಿಗೂ ಹಂಚಿದರು. ಬಾಸ್ಟನ್ನಿನವರು ಒಂದು ತಗೊಂಡು ಮಾತಾಡದೆ ಹೋದರು. ಆದರೆ ಮುಂದಿನ ವಾರವೇ ಟೊರಾಂಟೊ ಯಾಂಕೀಸ್‌ರನ್ನು 3–1ರಲ್ಲಿ ಸೋಲಿಸಿ ಕಳಿಸಿತು. ಕೋಲ್ ಇದ್ದಿದ್ದರೆ ಅನ್ನುವ ಮಾತು ಮತ್ತೆ ಶುರುವಾಯಿತು. ಆ ಸಲ ನಾನೇ ಬಾಯಿ ಬಿಟ್ಟೆ. ಟೊರಾಂಟೊಗೆ ಶಾರ್ಟ್‌ಸ್ಟಾಪ್ ಬೊ ಬಿಶೆಟ್ ಇರಲಿಲ್ಲ. .311 ಸರಾಸರಿಯ ಬ್ಯಾಟರ್. ಮಂಡಿ ಪೆಟ್ಟು ಬಿದ್ದದ್ದು ಸೆಪ್ಟೆಂಬರ್ ಮೊದಲ ವಾರ, ಯಾಂಕೀ ಸ್ಟೇಡಿಯಂನಲ್ಲೇ, ಹೋಮ್ ಮುಟ್ಟಲು ಓಡಿ ಬಂದು ಕ್ಯಾಚರ್ ವೆಲ್ಸ್‌ಗೆ ಡಿಕ್ಕಿಯಾಗಿ. ಅವರಿಲ್ಲದೆಯೇ ಟೊರಾಂಟೊ ಎರಡು ಸರಣಿ ಗೆದ್ದು ಫೈನಲ್ ಆದ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. ಅಲ್ಲಿ ಏಳನೇ ಪಂದ್ಯದವರೆಗೂ ಡಾಡ್ಜರ್ಸ್ ಜೊತೆ ಕಾದಾಡಿತು. ನ್ಯೂಯಾರ್ಕಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿ" ಅಂದರು.

ಆ ವರ್ಷದ ಚಳಿಗಾಲ ಬಂತು. ಹೊಸ ಟಿಶ್ಯೂ ಪೇಪರ್ ಆಗಲೇ ಶುರುವಾಗಿತ್ತು. ಬಲಗಡೆ ಕೋಲ್, ಷ್ಮಿಟ್, ಭುಜದ ಆಪರೇಷನ್ ಆದ ವೋಲ್ಪಿ, ಅಕ್ಟೋಬರ್‌ನಲ್ಲಿ ಮೊಣಕೈ ಆಪರೇಷನ್ ಮಾಡಿಸಿಕೊಂಡ ರೊಡಾನ್. 2026ರ ಸೀಸನ್‌ನ ಮೊದಲ ದಿನಕ್ಕೆ ಇವರು ಯಾರೂ ಸಿದ್ಧರಿರುವುದಿಲ್ಲ ಅನ್ನುವ ಅಂದಾಜಿತ್ತು. ಎಡಗಡೆ ಹೌಕ್, ಪಕ್ಕದಲ್ಲಿ ಕಸಾಸ್ ಮಂಡಿಗೆ ಒಂದು ಪ್ರಶ್ನೆ ಚಿಹ್ನೆ. ಈ ಸಲ ಅದರ ಕೆಳಗೆ ಇನ್ನೊಂದು ಗೆರೆ ಎಳೆಯಿರಿ, ಯಾರ ಜಾಗಕ್ಕೆ ಯಾರು ಅಂತ ಬರೆಯಿರಿ ಅಂದೆ. ಬಲಗಡೆಯವರು ತಕ್ಷಣ ಷ್ಲಿಟ್ಲರ್ ಹೆಸರು ಬರೆದರು. ಎಡಗಡೆಯವರು ಪೆನ್ನು ಹಿಡಿದು ಸ್ವಲ್ಪ ಯೋಚಿಸಿ, ಅಕ್ಟೋಬರ್ 2ರಂದು ಸೋತ ಆ ಹುಡುಗನ ಹೆಸರು ಬರೆದರು. ಕಾನ್ಲಿ ಅರ್ಲಿ.